ಮೂರನೇ ನಂಬರಿನ ಸೀಸೆ

ಆಳಂದ
12 ನವೆಂಬರ್ 1996

ಪ್ರೀತಿಯ ವಾಮನ,

ದೀಪಾವಳಿಗೆ ಜೇವರ್ಗಿಗೆ ಬರುತ್ತೇನೆಂದು ಹೇಳಿ ಕೈಕೊಟ್ಟವನಿಗೆ ಅಕ್ಕನ ಆಶೀರ್ವಾದ ಇಷ್ಟು ಬೇಗ ಸಿಗಬಾರದು. ಅವ್ವ ನಿನ್ನ ಪಾಲಿನ ಕರ್ಚಿಕಾಯಿ ಡಬ್ಬಿಯಲ್ಲಿ ಎತ್ತಿಟ್ಟಿದ್ದಳು. ನಾನು ತಿಂದು ಮುಗಿಸಿದೆ. ಈಗ ನಿನ್ನಿಂದ ಒಂದು ಕೆಲಸವಾಗಬೇಕಾಗಿದೆ, ಅದಕ್ಕೇ ಕಾಗದ.

ಮೊದಲು ಒಂದು ಪ್ರಶ್ನೆಗೆ ಉತ್ತರ ಕೊಡು. ರಕ್ತ ಸುಳ್ಳು ಹೇಳುತ್ತದೆಯೇ?

ಗುರುಬಾಯಿ ಅಂತ ನನ್ನ ಶಿಷ್ಯೆ ಒಬ್ಬಳಿದ್ದಾಳೆ. ಖಜೂರಿಯವಳು. ಇಲ್ಲಿಯ ಹಾಸ್ಟೆಲಿನಲ್ಲಿದ್ದು ನಮ್ಮ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಓದಿದಳು. ಪಾಠದ ನಡುವೆ ಕೈ ಎತ್ತಿ ನನ್ನನ್ನೇ ಪೇಚಿಗೆ ಸಿಕ್ಕಿಸುವ ಹುಡುಗಿ. ಹಲ್ಲಿಯ ಬಾಲ ಮತ್ತೆ ಬೆಳೆಯುತ್ತದೆ ಎಂದರೆ, ಬಾಲಕ್ಕೆ ಮತ್ತೆ ಹಲ್ಲಿ ಯಾಕೆ ಬೆಳೆಯುವುದಿಲ್ಲ ಎಂದು ಕೇಳಿದವಳು ಇವಳೇ. ಮೂರು ವರ್ಷದ ಹಿಂದೆ ಅವಳನ್ನು ಅಫಜಲಪುರದ ದೌಲತರಾಯರ ಮಗ ದತ್ತಪ್ಪನಿಗೆ ಕೊಟ್ಟರು. ಹೊಲ ಮನೆ ಇದ್ದ ಲಿಂಗಾಯತರು. ಲಿಂಗಪೂಜೆಯಾಗದೆ ಯಾರ ಬಾಯಿಗೂ ನೀರು ಹೋಗದ ಮನೆ. ಮನೆ ನಡೆಸುವವರು ಅತ್ತೆ ಶಾರದಾಬಾಯಿ. ದೌಲತರಾಯರು ಹೊರಗಿನ ಪಡಸಾಲೆಯಲ್ಲಿ ಕೂತು ಹೂಂ ಅನ್ನುತ್ತಾರೆ, ಅಷ್ಟೇ.

ಶ್ರಾವಣದಲ್ಲಿ ಗುರುಬಾಯಿಗೆ ಫಿಟ್ಸ್ ಬಂತು. ಸ್ವಲ್ಪ ದಿನಕ್ಕೆ ಮತ್ತೊಮ್ಮೆ. ಸೊಲ್ಲಾಪುರಕ್ಕೆ ಒಯ್ದರು. ಸ್ಕ್ಯಾನಿನಲ್ಲಿ ಮಿದುಳಿನೊಳಗೆ ಒಂದು ಸಣ್ಣ ಗುಳ್ಳೆ ಕಂಡಿತು. ರಕ್ತ ಪರೀಕ್ಷೆ ಮಾಡಿಸಿದರೆ, ಹಂದಿಯ ಲಾಡಿಹುಳುವಿನ ವಿರುದ್ಧದ ಪ್ರತಿಕಾಯ ರಕ್ತದಲ್ಲಿದೆ ಎಂದು ಬರೆದು ಕೊಟ್ಟರು. ಗುಳಿಗೆ ನಡೆದಿದೆ, ಫಿಟ್ಸ್ ನಿಂತಿದೆ.

ಹಂದಿ ಎಂಬ ಮಾತು ಮಾತ್ರ ನಿಲ್ಲಲಿಲ್ಲ. ಹುಳು ಹಂದಿಯದಾದ ಮೇಲೆ ಸೊಸೆ ಹಂದಿ ತಿಂದಿದ್ದಾಳೆ ಎಂದು ಶಾರದಾಬಾಯಿ ತೀರ್ಮಾನ ಮಾಡಿದ್ದಾರೆ. ಎಲ್ಲಿ ತಿಂದಳು ಎಂದರೆ, ಹಾಸ್ಟೆಲಿನಲ್ಲಿ ಜೊತೆಗಿದ್ದ ಸುಲ್ತಾನಬಿಯ ಡಬ್ಬಿಯಲ್ಲಂತೆ. ಮುಸಲ್ಮಾನರ ಹುಡುಗಿಯ ಡಬ್ಬಿಯಲ್ಲಿ ಹಂದಿ! ನನಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ದಸರೆಯಿಂದ ಗುರುಬಾಯಿ ತವರಿನಲ್ಲಿದ್ದಾಳೆ. ಯುಗಾದಿಯವರೆಗೆ ನೋಡಿ, ಆಮೇಲೆ ಸೋಡಚೀಟಿ ಬರೆಸಿ ಸಂಬಂಧ ಕಡಿದು ಮಗನಿಗೆ ಬೇರೆ ಹೆಣ್ಣು ತರುತ್ತಾರಂತೆ.

ಪ್ರಯೋಗಾಲಯದಲ್ಲಿ ಹುಳುವಿನ ಪ್ರೋಟೀನನ್ನು ಬ್ಯಾಕ್ಟೀರಿಯಾದ ಹೊಟ್ಟೆಯಲ್ಲಿ ಬೆಳೆಸುತ್ತಿದ್ದೇನೆ ಎಂದು ಹೋದ ವರ್ಷ ನೀನು ಜಂಬ ಕೊಚ್ಚಿದ್ದು ನೆನಪಿದೆ. ಅದು ಯಾವ ಹುಳು? ಅದರಿಂದ ಈ ಹುಡುಗಿಗೇನಾದರೂ ಆಗುತ್ತದೆಯೇ? ಬೇಗ ಬರೆ.

ನಿನ್ನ ಅಕ್ಕ,
ಉಮಾ


ಹೈದರಾಬಾದ್
3 ಡಿಸೆಂಬರ್ 1996

ಕರ್ಚಿಕಾಯಿ ಕದ್ದ ಅಕ್ಕನಿಗೆ ನಮಸ್ಕಾರ.

ಅದೇ ಹುಳು. ನಿನ್ನ ಕಾಗದ ಓದಿ ಕುರ್ಚಿಯಿಂದ ಎದ್ದು ನಿಂತೆ. ಎರಡು ವರ್ಷದಿಂದ ನಾನು ಆ ಹುಳುವಿನ ಜೊತೆ ಸಂಸಾರ ಮಾಡುತ್ತಿದ್ದೇನೆ, ಅದು ನಮ್ಮ ಕಡೆಯ ಒಂದು ಮನೆ ಮುರಿಯುತ್ತಿದೆ ಎಂದು ತಿಳಿದಿರಲಿಲ್ಲ.

ಮೊದಲು ಒಂದು ಮಾತು. ಇದನ್ನು ಹೋಗಿ ಆ ಮನೆಯವರಿಗೆ ಹೇಳು. ಹಂದಿಯ ಮಾಂಸದಲ್ಲಿರುವ ಹುಳುವಿನ ಮರಿ ನಮ್ಮ ಹೊಟ್ಟೆಗೆ ಹೋದರೆ ಕರುಳಿನಲ್ಲಿ ಉದ್ದನೆಯ ಲಾಡಿಹುಳು ಬೆಳೆಯುತ್ತದೆ. ಆ ಹುಳುವಿನ ಮೊಟ್ಟೆ ಮಲದ ಜೊತೆ ಹೊರಗೆ ಬೀಳುತ್ತದೆ. ಆ ಮೊಟ್ಟೆ ನೀರಿನಲ್ಲೋ ಊಟದಲ್ಲೋ ಸೇರಿ ಇನ್ನೊಬ್ಬರ ಹೊಟ್ಟೆಗೆ ಹೋದರೆ, ಅವರ ಮಿದುಳಿನಲ್ಲಿ ಗುಳ್ಳೆಯಾಗುತ್ತದೆ. ತಲೆಯಲ್ಲಿ ಗುಳ್ಳೆ ಆದವರು ಮಾಂಸದ ಮುಖವನ್ನೇ ನೋಡದೆ ಇರಬಹುದು.

ಎರಡನೆಯದು ನಿನ್ನ ಪ್ರಶ್ನೆ. ರಕ್ತ ಸುಳ್ಳು ಹೇಳುವುದಿಲ್ಲ, ಆದರೆ ನಾವು ಕೇಳುವ ರೀತಿಯಲ್ಲಿ ತಪ್ಪಿರುತ್ತದೆ. ಹಳೆಯ ಪರೀಕ್ಷೆಯಲ್ಲಿ ಇಡೀ ಹುಳುವನ್ನು ಅರೆದು, ಆ ರಸಕ್ಕೆ ರೋಗಿಯ ರಕ್ತದ ಸೀರಮ್ ಹಾಕುತ್ತಾರೆ. ರಸದಲ್ಲಿ ನೂರಾರು ಪ್ರೋಟೀನುಗಳಿರುತ್ತವೆ. ಸೀರಮ್ಮಿನಲ್ಲಿರುವ ಪ್ರತಿಕಾಯ ಅದರಲ್ಲಿ ಯಾವುದನ್ನು ಹಿಡಿಯಿತು ಎಂಬುದು ಗೊತ್ತಾಗುವುದಿಲ್ಲ. ನಾಯಿಯಿಂದ ಬರುವ ಇನ್ನೊಂದು ಲಾಡಿಹುಳು ಇದೆ, ಕುರಿ ಕಾಯುವವರಲ್ಲಿ ಹೆಚ್ಚು. ಅದರ ಕೆಲವು ಪ್ರೋಟೀನುಗಳು ಇದನ್ನೇ ಹೋಲುತ್ತವೆ. ಜೇವರ್ಗಿಯ ಬಸ್ ಸ್ಟ್ಯಾಂಡಿನಲ್ಲಿ ಬಿಳಿ ಟೋಪಿಯ ಬೆನ್ನು ಕಂಡು ನೀನು ಸೋದರಮಾವ ಅಂತ ಓಡಿಹೋಗಿ ಯಾರದೋ ಕೈ ಹಿಡಿದಿದ್ದೆಯಲ್ಲ, ಪ್ರತಿಕಾಯವೂ ಹಾಗೆ ಎಡವುತ್ತದೆ.

ನಾವು ಮಾಡಿದ್ದು ಇಷ್ಟು. ಹಂದಿ ಹುಳುವಿನಲ್ಲಿ ಮಾತ್ರ ಇರುವ ಒಂದು ಪ್ರೋಟೀನನ್ನು ಆರಿಸಿದೆವು. ಅದನ್ನು ತಯಾರಿಸುವ ಜೀನನ್ನು ಹುಳುವಿನಿಂದ ತೆಗೆದು ಬ್ಯಾಕ್ಟೀರಿಯಾಕ್ಕೆ ಸೇರಿಸಿದೆವು. ಬ್ಯಾಕ್ಟೀರಿಯಾ ಅದನ್ನು ತನ್ನದೆಂದು ತಿಳಿದು ಮಾಡಿ ಮಾಡಿ ಹಾಕುತ್ತದೆ. ಅದೊಂದೇ ಪ್ರೋಟೀನು, ಉಳಿದ ಗದ್ದಲವಿಲ್ಲ. ಗುರುಬಾಯಿಯ ಪ್ರತಿಕಾಯ ಅದನ್ನು ಹಿಡಿದರೆ ಹಂದಿ ಹುಳು ಖರೆ. ಹಿಡಿಯದಿದ್ದರೆ ಸೊಲ್ಲಾಪುರದ ಪರೀಕ್ಷೆ ಬೇರೇನನ್ನೋ ಕಂಡು ಮೋಸ ಹೋಗಿದೆ.

ಅವಳು ಒಪ್ಪಿದರೆ ರಕ್ತ ಕಳಿಸು. ಜೊತೆಗೆ ನಾಯಿ ಹುಳುವಿನ ಗಡ್ಡೆಯಾದವರದು ಒಂದು ಬೇಕು. ಹುಟ್ಟಿದಾಗಿನಿಂದ ಮಾಂಸ ಮುಟ್ಟದ ಇಬ್ಬರದು ಬೇಕು, ‘ಏನೂ ಇಲ್ಲದವರು’ ಎಂದು ಪಕ್ಕಕ್ಕಿಟ್ಟು ಹೋಲಿಸಿ ನೋಡಲು. ಸೀಸೆಯ ಮೇಲೆ ಹೆಸರು ಬೇಡ, ನಂಬರು ಸಾಕು. ಯಾವುದು ಯಾವ ಗುಂಪಿನದೆಂದು ಮಾತ್ರ ಬರೆ.

ವಾಮನ


ಆಳಂದ
19 ಜನವರಿ 1997

ಪ್ರೀತಿಯ ವಾಮನ,

ನಾಲ್ಕು ಸೀಸೆ ಬರುತ್ತಿವೆ. ಒಂದನೆಯದು ಗುರುಬಾಯಿ. ಎರಡನೆಯದು ಜೇವರ್ಗಿಯ ಕುರಿಗಾರ ಗುರಣ್ಣ. ಹೋದ ವರ್ಷ ಅವನ ಯಕೃತ್ತಿನಿಂದ ನಿಂಬೆಕಾಯಿ ಗಾತ್ರದ ನೀರುಗಡ್ಡೆ ತೆಗೆದರು, ನಾಯಿ ಹುಳುವೆಂದೇ ಹೇಳಿದ್ದರು. ಮೂರು ಮತ್ತು ನಾಲ್ಕು ಮಾಂಸ ಮುಟ್ಟದವರು. ನಾಲ್ಕು ನಾನೇ. ಮೂರು ಯಾರದೆಂದು ಹೇಳುವುದಿಲ್ಲ, ನಿನ್ನ ನಿಯಮವೇ ಹಾಗಿದೆ. ಆದರೆ ಆ ಸೀಸೆ ತುಂಬಿದ ಕಥೆ ಹೇಳದಿದ್ದರೆ ನನಗೆ ಅನ್ನ ಅರಗುವುದಿಲ್ಲ. ಆದದ್ದಾಗಲಿ, ಬರೆದೇ ಬಿಡುತ್ತೇನೆ. ಹೆಸರು ನೀನೇ ಮರೆತುಬಿಡು.

ಸಂಕ್ರಾಂತಿಯ ಮರುದಿನ ಎಳ್ಳು ಕೊಡುವ ನೆಪ ಮಾಡಿ ಅಫಜಲಪುರಕ್ಕೆ ಹೋದೆ. ನೀನು ಹೇಳಿದ್ದನ್ನೆಲ್ಲ ಶಾರದಾಬಾಯಿಗೆ ನಿಧಾನವಾಗಿ ಬಿಡಿಸಿ ಹೇಳಿದೆ. ಮಾಂಸದಿಂದ ಅಲ್ಲ, ಹುಳುವಿನ ಮೊಟ್ಟೆ ಹೊಟ್ಟೆಗೆ ಹೋಗಿ ಹೀಗಾಗುತ್ತದೆ ಎಂದೆ. ಅವರು ಕೈಯಲ್ಲಿದ್ದ ಎಳ್ಳನ್ನು ತಟ್ಟೆಯಲ್ಲಿಟ್ಟರು.

“ಅಂದ್ರ ತತ್ತೀನೂ ತಿಂದಾಳ ಅನ್ರಿ,” ಅಂದರು.

ಹೊರಗೆ ದೌಲತರಾಯರು ಕೆಮ್ಮಿದರು. ನಾನು ಮತ್ತೆ ಮೊದಲಿನಿಂದ ಶುರು ಮಾಡಿದೆ. ಈ ಸಲ ಅವರು ಪೂರ್ತಿ ಕೇಳಿದರು. ಕೇಳಿ ಅವರೇ ಒಂದು ಪ್ರಶ್ನೆ ಹಾಕಿದರು.

“ನೀವು ಓದಿದವ್ರು, ಹೇಳ್ರಿ ಅಕ್ಕೋರ. ಊಟದಾಗ ನೀರಿನಾಗ ಬರ್ತದಂತೀರಿ. ಆಕಿ ಉಂಡದ್ದೇ ನಾವೂ ಉಂಡೀವಿ. ಒಂದೇ ಕೊಡದ ನೀರು ಕುಡದೀವಿ. ಹಂಗಿದ್ರ ಆಕಿಗಷ್ಟೇ ಯಾಕ ಬಂತು? ನಮಗ್ಯಾಕ ಬರ್ಲಿಲ್ಲ?”

ಒಳ್ಳೆಯ ಪ್ರಶ್ನೆ ವಾಮನ. ನನ್ನ ತರಗತಿಯಲ್ಲಾದರೆ ಶಹಬಾಸ್ ಅನ್ನುತ್ತಿದ್ದೆ. ಅದಕ್ಕೇ ಹೈದರಾಬಾದಿನಲ್ಲಿ ಪರೀಕ್ಷೆ ಮಾಡಿಸುತ್ತಿದ್ದೇವೆ, ಎಂದೂ ಮಾಂಸ ಮುಟ್ಟದವರ ರಕ್ತವನ್ನು ಅವಳದರ ಪಕ್ಕಕ್ಕಿಟ್ಟು ನೋಡುತ್ತಾರೆ ಎಂದೆ. ಇಷ್ಟು ಹೇಳಿದ್ದೇ ತಡ, ಅವರು ಕುಪ್ಪಸದ ತೋಳು ಮೇಲೇರಿಸಿದರು.

“ನಂದು ತಗೋರಿ. ಹುಟ್ಟಿದಾಗಿಂದ ಈ ಬಾಯಿಗಿ ಏನೂ ಸೋಂಕಿಲ್ಲ. ನಂದೂ ಆಕಿದೂ ಬಾಜೂಕ ಇಟ್ಟು ನೋಡ್ಲಿ. ಯಾರದು ಏನಂತ ಊರಿಗಿ ಗೊತ್ತಾಗ್ಲಿ.”

ಸರ್ಕಾರಿ ದವಾಖಾನೆಯ ನರ್ಸ್ ಗೌಸಿಯಾಬೇಗಂ ಬಂದು ರಕ್ತ ತೆಗೆದಳು. ಶಾರದಾಬಾಯಿ ಸೂಜಿಯ ಕಡೆ ನೋಡಲೂ ಇಲ್ಲ, ಗೆದ್ದವರ ಹಾಗೆ ಕೂತಿದ್ದರು. ನನಗೆ ಸಿಟ್ಟು ಬಂದಿತ್ತು. ಅವರ ಧೈರ್ಯ ಕಂಡು ಹೊಟ್ಟೆಕಿಚ್ಚೂ ಆಯಿತು.

ಖಜೂರಿಯಲ್ಲಿ ರಕ್ತ ಕೊಡುವ ಮೊದಲು ಗುರುಬಾಯಿ ಕೇಳಿದ್ದು ಒಂದೇ. “ಸೊಲ್ಲಾಪುರದಾಗ ತಪ್ಪಿದ್ದು ಹೈದರಾಬಾದದಾಗ ತಪ್ಪಂಗಿಲ್ಲ ಅನ್ನೂದು ಹ್ಯಾಂಗ್ರಿ ಅಕ್ಕೋರ?” ಇದಕ್ಕೆ ನೀನೇ ಉತ್ತರ ಬರೆ.

ಸೀಸೆಗಳನ್ನು ಮಂಜುಗಡ್ಡೆಯಲ್ಲಿಟ್ಟು ಥರ್ಮಾಸಿನಲ್ಲಿ ತರುತ್ತಿರುವವನು ದತ್ತಪ್ಪ. ಅವ್ವನೆದುರು ಬಾಯಿಯಿಲ್ಲದ ಗಂಡ ಎಂದು ನಾನು ಅವನನ್ನು ಬೈದುಕೊಂಡವಳು. ಅವನೇ ಆಳಂದಕ್ಕೆ ಬಂದು, “ನಾ ಒಯ್ತೇನ್ರಿ” ಅಂದ.

ಉಮಾ


ಹೈದರಾಬಾದ್
16 ಫೆಬ್ರವರಿ 1997

ಅಕ್ಕನಿಗೆ ನಮಸ್ಕಾರ.

ದತ್ತಪ್ಪ ರಾತ್ರಿಯೆಲ್ಲ ರೈಲಿನಲ್ಲಿ ಥರ್ಮಾಸನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದಿದ್ದಾನೆ. ಕೆಳಗೆ ಇಡಬಾರದೇನು ಎಂದರೆ, “ಅಳಗ್ಯಾಡಿದ್ರ ಆಕಿ ಮ್ಯಾಲ ಏನರ ತಪ್ಪು ಬರ್ತದೇನೋ ಅಂತ ಅಂಜಿಕಿ ಬಂತ್ರಿ” ಅಂದ. ಚಹಾ ಕುಡಿಸಿ ಪ್ರಯೋಗಾಲಯ ತೋರಿಸಿದೆ. ಬ್ಯಾಕ್ಟೀರಿಯಾ ಬೆಳೆಸುವ ಸೀಸೆಯ ಮುಂದೆ ಬಹಳ ಹೊತ್ತು ನಿಂತ. ಇದರೊಳಗೆ ಹುಳು ಇದೆಯೇ ಎಂದು ಕೇಳಿದ. ಹುಳುವಿನ ಒಂದು ಚೂರು ಮಾತ್ರ, ಅದಕ್ಕೆ ಜೀವವಿಲ್ಲ ಎಂದೆ. ಹೋಗುವಾಗ ಮೆಲ್ಲಗೆ, “ಇಲ್ಲ ಅಂತ ಬರ್ಲಿ ನೋಡ್ರಿ” ಅಂದ.

ಈಗ ಕೆಟ್ಟ ಸುದ್ದಿ. ಮೊದಲ ಸಲದ ಪರೀಕ್ಷೆ ಹಾಳಾಯಿತು.

ನಾವು ಪ್ರೋಟೀನನ್ನು ಒಂದು ತೆಳ್ಳನೆಯ ಕಾಗದದ ಪಟ್ಟಿಗೆ ಅಂಟಿಸುತ್ತೇವೆ. ಅದರ ಮೇಲೆ ಸೀರಮ್ ಹಾಕುತ್ತೇವೆ. ಪ್ರತಿಕಾಯ ಹಿಡಿದುಕೊಂಡರೆ, ಬಣ್ಣದ ದ್ರಾವಣ ಹಾಕಿದಾಗ ಕಂದು ಗೆರೆ ಮೂಡುತ್ತದೆ. ನಾಲ್ಕು ಪಟ್ಟಿಗಳಲ್ಲೂ ಗೆರೆ ಬಂತು. ನಿನ್ನದರಲ್ಲಿ ಕೂಡ, ಒಂದಲ್ಲ, ಐದಾರು. ನಮ್ಮ ಅಕ್ಕ ಆಳಂದದಲ್ಲಿ ಯಾರ ಮನೆಯಲ್ಲಿ ಏನು ಊಟ ಮಾಡುತ್ತಿದ್ದಾಳೆ ಎಂದು ಸ್ವಲ್ಪ ಹೊತ್ತು ಯೋಚಿಸಿದೆ.

ತಪ್ಪು ನನ್ನದು. ಪ್ರೋಟೀನನ್ನು ಬ್ಯಾಕ್ಟೀರಿಯಾದಿಂದ ಬೇರೆ ಮಾಡುವಾಗ ಬ್ಯಾಕ್ಟೀರಿಯಾದ್ದೇ ಚೂರುಪಾರು ಅದರ ಜೊತೆ ಉಳಿದಿತ್ತು. ಆ ಬ್ಯಾಕ್ಟೀರಿಯಾದ ಅಣ್ಣತಮ್ಮಂದಿರು ನಮ್ಮೆಲ್ಲರ ಕರುಳಿನಲ್ಲಿ ಇರುವವರೇ, ಅವರ ವಿರುದ್ಧ ಎಲ್ಲರ ರಕ್ತದಲ್ಲೂ ಪ್ರತಿಕಾಯವಿರುತ್ತದೆ. ಪ್ರೋಟೀನನ್ನು ಮತ್ತೆ ತೊಳೆದು ಶುದ್ಧ ಮಾಡಬೇಕು.

ಗುರುಬಾಯಿಯ ಪ್ರಶ್ನೆಗೂ ಇದೇ ಉತ್ತರ. ಹೈದರಾಬಾದಿನಲ್ಲೂ ತಪ್ಪುತ್ತದೆ. ಅದಕ್ಕೇ ನಿನ್ನ ಸೀಸೆ ಬೇಕಾಗಿದ್ದು. ಅವಳದೊಂದನ್ನೇ ನೋಡಿದ್ದರೆ ಗೆರೆ ಬಂತೆಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದೆ.

ವಾಮನ


ಆಳಂದ
5 ಮಾರ್ಚ್ 1997

ವಾಮನ,

ತೊಳೆದು ಮುಗಿಯಿತೋ ಇಲ್ಲವೋ? ಯುಗಾದಿ ಬಾಗಿಲಿಗೆ ಬಂದಿದೆ. ಮಾದನಹಿಪ್ಪರಗಾದ ಕಡೆ ಒಂದು ಹೆಣ್ಣಿದೆ ಎಂದು ಶಾರದಾಬಾಯಿಗೆ ಯಾರೋ ಹೇಳಿದ್ದಾರಂತೆ. ಹಬ್ಬದ ನಂತರ ನೋಡಲು ಹೋಗುತ್ತಾರಂತೆ.

ನಾನು ದಿನಾ ಬೆಳಿಗ್ಗೆ ಎದ್ದು ನಾಯಿ ಹುಳು, ನಾಯಿ ಹುಳು ಎಂದು ಜಪ ಮಾಡುತ್ತಿದ್ದೇನೆ. ಲೋಕದಲ್ಲಿ ಯಾರೂ ಹೀಗೆ ಒಂದು ಹುಳುವನ್ನು ಬೇಡಿಕೊಂಡಿರಲಿಕ್ಕಿಲ್ಲ. ಇದನ್ನೇ ನಗುತ್ತಾ ಗುರುಬಾಯಿಗೆ ಹೇಳಿದೆ. ಹೋದ ಭಾನುವಾರ ಅವಳನ್ನು ನೋಡಲು ಖಜೂರಿಗೆ ಹೋಗಿದ್ದೆ. ಅವಳು ನಗಲಿಲ್ಲ.

“ನಾಯಿ ಹುಳ ಅಂತ ಬಂದ್ರ ನಾ ಒಳ್ಳೇಕಿ ಆಗ್ತೇನಿ, ಹಂದಿದು ಅಂತ ಬಂದ್ರ ಕೆಟ್ಟಾಕಿ ಆಗ್ತೇನಿ. ಅಷ್ಟೇ ಏನ್ರಿ ಅಕ್ಕೋರ? ನಾ ತಿಂದಿಲ್ಲ ಅಂತ ನಾನೇ ಹೇಳಾಕತ್ತೇನಲ್ಲ, ಅದನ್ನ ಯಾರೂ ಕೇಳೂದಿಲ್ಲೇನು?”

ಅವಳ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ನನಗೆ ನಾಚಿಕೆಯಾಯಿತು. ನಾನೂ ಈ ನಾಲ್ಕು ತಿಂಗಳು ಅವಳನ್ನು ಕೇಳದೆ ಅವಳ ರಕ್ತವನ್ನು ಕೇಳುತ್ತಿದ್ದೇನೆ. ನೀನು ತಿಂದಿಲ್ಲ ಎಂದು ನನಗೆ ಗೊತ್ತು ಎಂದೆ. “ನಿಮಗ ಗೊತ್ತಿದ್ದು ಏನು ಮಾಡೂದ್ರಿ,” ಅಂದಳು. “ಅತ್ತಿಗಿ ಗೊತ್ತಾಗ್ಬೇಕು.”

ಗಂಡನ ಮೇಲೆ ಅವಳಿಗೆ ಅಷ್ಟು ಸಿಟ್ಟಿಲ್ಲ, ಅದು ನನಗೆ ಆಶ್ಚರ್ಯ. ಅತ್ತೆಯ ಮೇಲೂ ಬರೀ ಸಿಟ್ಟಲ್ಲ. ಮೊದಲ ವರ್ಷ ಅವಳಿಗೆ ಮಲೇರಿಯಾ ಬಂದಾಗ ಶಾರದಾಬಾಯಿ ಹಗಲು ರಾತ್ರಿ ತಲೆಯ ಹತ್ತಿರ ಕೂತಿದ್ದರಂತೆ. ಅದೇ ಮನುಷ್ಯರು ತನ್ನ ಮಾತು ನಂಬಲಿಲ್ಲವಲ್ಲ ಎಂಬುದೇ ಅವಳನ್ನು ಸುಡುತ್ತಿದೆ. ಆ ಮನೆಗೆ ಹೋಗಬೇಕು ಎಂಬ ಆಸೆ ಅವಳಿಗಿದೆ, ಹಾಗೆ ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ.

ಏನೇ ಬರಲಿ, ಇದ್ದದ್ದನ್ನು ಇದ್ದ ಹಾಗೆ ಬರೆ. ನನ್ನ ಜಪಕ್ಕೆ ಮರ್ಯಾದೆ ಕೊಟ್ಟು ಏನನ್ನೂ ತಿದ್ದಬೇಡ.

ಉಮಾ


ಹೈದರಾಬಾದ್
24 ಮಾರ್ಚ್ 1997

ಅಕ್ಕನಿಗೆ ನಮಸ್ಕಾರ.

ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ. ಕೂತು ಓದು.

ಈ ಸಲ ಪ್ರೋಟೀನು ಶುದ್ಧವಾಗಿದೆ. ನಾಲ್ಕನೆಯ ಸೀಸೆ, ಅಂದರೆ ನೀನು, ಪಟ್ಟಿ ಬೆಳ್ಳಗೆ ಖಾಲಿ. ಎರಡನೆಯದು ಕುರಿಗಾರ ಗುರಣ್ಣ. ಅರೆದ ಹುಳುವಿನ ರಸದ ಹಳೆಯ ಪರೀಕ್ಷೆಯಲ್ಲಿ ಅವನಿಗೆ ಗೆರೆ ಬಂತು, ನಮ್ಮ ಶುದ್ಧ ಪ್ರೋಟೀನಿನ ಮೇಲೆ ಬರಲಿಲ್ಲ. ಅಂದರೆ ಹಳೆಯ ಪರೀಕ್ಷೆ ಮೋಸ ಹೋಗುತ್ತದೆ ಎಂಬ ನನ್ನ ಅನುಮಾನ ಸರಿ. ಇಷ್ಟು ನೋಡಿ ನಿನ್ನ ಜಪ ಫಲಿಸಿತು ಎಂದುಕೊಂಡೆ.

ಗುರುಬಾಯಿಯ ಪಟ್ಟಿಯಲ್ಲಿ ಗೆರೆ ಇದೆ, ಒಂದೇ ಒಂದು, ಸರಿಯಾದ ಜಾಗದಲ್ಲಿ.

ಅಷ್ಟಕ್ಕೇ ಬಿಡಲಿಲ್ಲ. ಅವಳ ಸೀರಮ್ಮನ್ನು ಎರಡು ಪಾಲು ಮಾಡಿದೆ. ಒಂದು ಪಾಲನ್ನು ನಮ್ಮ ಶುದ್ಧ ಪ್ರೋಟೀನಿನಲ್ಲಿ ನೆನೆಹಾಕಿದೆ. ಇನ್ನೊಂದನ್ನು ಅದೇ ಬ್ಯಾಕ್ಟೀರಿಯಾ ಮಾಡಿದ, ಹುಳುವಿಗೆ ಸಂಬಂಧವೇ ಇಲ್ಲದ ಪ್ರೋಟೀನಿನಲ್ಲಿ ನೆನೆಹಾಕಿದೆ. ಮರುದಿನ ಎರಡನ್ನೂ ಪಟ್ಟಿಯ ಮೇಲೆ ಹಾಕಿದೆ. ಪ್ರತಿಕಾಯ ನಿಜವಾಗಿ ಹಂದಿ ಹುಳುವಿನದಾದರೆ, ಮೊದಲ ಪಾಲಿನಲ್ಲಿ ಅದು ಆಗಲೇ ತನ್ನ ಪ್ರೋಟೀನನ್ನು ಹಿಡಿದು ಕೂತಿರುತ್ತದೆ, ಪಟ್ಟಿಗೆ ಅಂಟಲು ಕೈ ಖಾಲಿ ಇರುವುದಿಲ್ಲ. ಹಾಗೇ ಆಯಿತು. ಮೊದಲ ಪಾಲಿನಲ್ಲಿ ಗೆರೆ ಮಾಯ, ಎರಡನೆಯದರಲ್ಲಿ ಇದ್ದ ಹಾಗೇ ಇದೆ. ಸೊಲ್ಲಾಪುರದವರು ಹೇಳಿದ್ದು ಖರೆ ಅಕ್ಕ. ಹಂದಿ ಹುಳುವೇ.

ಇನ್ನು ಮೂರನೇ ನಂಬರು.

ಅದರಲ್ಲೂ ಗೆರೆ ಇದೆ. ಗುರುಬಾಯಿಯದಕ್ಕಿಂತ ಒಂದು ಎಳೆ ಗಾಢವಾಗಿ. ನೆನೆಹಾಕಿ ನೋಡಿದೆ, ಹಾಗೇ ಮಾಯವಾಯಿತು. ಸೀಸೆ ಅದಲುಬದಲಾಗಿದೆಯೇ ಎಂದು ಉಳಿದ ರಕ್ತದಿಂದ ಮತ್ತೆ ಮೊದಲಿನಿಂದ ಮಾಡಿದೆ. ಬದಲಾಗಿಲ್ಲ. ನೀನು ಮರೆಯಲು ಹೇಳಿದ ಹೆಸರನ್ನು ಮರೆಯಲಾಗಲಿಲ್ಲ, ಕ್ಷಮಿಸು. ಮೊದಲು ನನಗೂ ಬಂದ ಯೋಚನೆ, ಆಯಮ್ಮ ಗುಟ್ಟಾಗಿ ಏನಾದರೂ ತಿಂದಿರಬಹುದೇ ಎಂದು. ಆಮೇಲೆ ಮುಖಕ್ಕೆ ನೀರು ಹಾಕಿಕೊಂಡು ಬಂದೆ. ಹುಳುವಿನ ಮೊಟ್ಟೆ ಊಟದಲ್ಲಿ ಬರುತ್ತದೆ ಎಂದು ಬರೆದವನು ನಾನೇ. ಮಾಂಸ ತಿನ್ನದವರು ಎಂದ ಕೂಡಲೆ ಅವರನ್ನು ‘ಏನೂ ಇಲ್ಲದವರ’ ಸಾಲಿನಲ್ಲಿ ಕೂರಿಸಿದವನೂ ನಾನೇ. ಈ ಪರೀಕ್ಷೆಯ ಯೋಜನೆಯನ್ನು ನನ್ನ ಮೇಲಿನ ಅಧಿಕಾರಿಗಳೂ ಓದಿದ್ದರು, ಅವರಿಗೂ ಈ ತಪ್ಪು ಹೊಳೆಯಲಿಲ್ಲ, ಅವರೂ ನಮ್ಮ ಹಾಗೆ ಸೊಪ್ಪು ತಿನ್ನುವವರೇ.

ಪ್ರತಿಕಾಯ ಇದ್ದ ಮಾತ್ರಕ್ಕೆ ರೋಗ ಇದೆ ಎಂದಲ್ಲ. ಮೊಟ್ಟೆ ಹೊಟ್ಟೆಗೆ ಹೋಗಿ ಏನೂ ಆಗದೆ ಹೋದವರು ಬಹಳ ಜನ. ಆದರೂ ಒಮ್ಮೆ ಡಾಕ್ಟರಿಗೆ ತೋರಿಸಲಿ. ಇದು ಅವರ ಗುಟ್ಟು. ಹೇಳುವುದಿದ್ದರೆ ಅವರೊಬ್ಬರಿಗೆ ಹೇಳು. ಆ ಮನೆಯಲ್ಲಿ ಹಸಿಯಾಗಿ ಏನು ತಿನ್ನುತ್ತಾರೆ, ಅದು ಎಲ್ಲಿಂದ ಬರುತ್ತದೆ ಎಂದು ಕೇಳು.

ವಾಮನ


ಆಳಂದ
3 ಏಪ್ರಿಲ್ 1997

ಪ್ರೀತಿಯ ವಾಮನ,

ನಿನ್ನ ಕಾಗದ ಓದಿ ನನಗೆ ಮೊದಲು ಆದದ್ದು ಖುಷಿ. ಬೀಗುತ್ತಾ ಹೋಗಿ ಆ ಹೆಂಗಸಿನ ಮುಂದೆ ಕಾಗದ ಹಿಡಿಯಬೇಕು, ಪಡಸಾಲೆಯಲ್ಲಿ ದೌಲತರಾಯರಿಗೂ ಕೇಳುವ ಹಾಗೆ ಓದಬೇಕು ಎಂದು ಎರಡು ದಿನ ಮನಸ್ಸಿನಲ್ಲೇ ನಾಟಕ ಕಟ್ಟಿದೆ. ನೀನು ‘ಅವರೊಬ್ಬರಿಗೆ’ ಎಂದು ಬರೆಯದಿದ್ದರೆ ಹಾಗೇ ಮಾಡುತ್ತಿದ್ದೆನೋ ಏನೋ.

ನಿನ್ನೆ ಅಫಜಲಪುರಕ್ಕೆ ಹೋದೆ. ಅಡುಗೆಮನೆಯಲ್ಲಿ ಅವರೊಬ್ಬರೇ ಇದ್ದರು. ಮೊದಲು ಹಸಿಯಾಗಿ ಏನು ತಿನ್ನುತ್ತೀರಿ ಎಂದು ಕೇಳಿದೆ. ಇದೇನು ಕೇಳುತ್ತೀರಿ ಎಂಬ ಹಾಗೆ ನಕ್ಕರು. ಚಳಿಗಾಲವೆಲ್ಲ ರೊಟ್ಟಿಯ ಜೊತೆ ಹಕ್ಕರಕಿ ಸೊಪ್ಪು, ಎಳೆ ಮೆಂತ್ಯ, ಮೂಲಂಗಿಯ ತಪ್ಪಲು. ಬೇಯಿಸಿದರೆ ರುಚಿ ಹೋಗುತ್ತದೆ. ಹಳ್ಳದ ದಂಡೆಯ ತೋಟದಿಂದ ದಿನಾ ಬರುತ್ತದೆ. ಕಿತ್ತವಳು ಅದೇ ಹಳ್ಳದಲ್ಲಿ ಅದ್ದಿ ಮಣ್ಣು ಕಳೆದು ಕೊಡುತ್ತಾಳೆ. ಆ ಹಳ್ಳದ ದಂಡೆಗೆ ಬೆಳಗಾದರೆ ಅರ್ಧ ಊರು ಚೆಂಬು ಹಿಡಿದು ಹೋಗುತ್ತದೆ, ಹಂದಿಗಳೂ ಅಲ್ಲೇ. ಗುರುಬಾಯಿಗೆ ಹಕ್ಕರಕಿ ಎಂದರೆ ಪ್ರಾಣ ಎಂದು ಅವರೇ ಹೇಳಿದರು. “ನನ್ನ ಗಂಗಾಳದಾಗಿಂದು ತಗದು ಆಕಿಗಿ ಹಾಕ್ತಿದ್ದೆ,” ಅಂದರು.

ಆಗ ಹೇಳಿದೆ. ಅವಳ ರಕ್ತದಲ್ಲಿರುವುದು ಹಂದಿ ಹುಳುವೇ ಎಂದು ಮೊದಲು ಹೇಳಿದೆ. ಅವರ ತಲೆ ಮೇಲಾಯಿತು. ಆಮೇಲೆ ಅವರದನ್ನೂ ಹೇಳಿದೆ.

ಸೀಸೆ ಬದಲಾಗಿದೆ ಎಂದರು. ಇಲ್ಲ, ಎರಡು ಸಲ ನೋಡಿದ್ದಾರೆ ಎಂದೆ. ಆ ಗೌಸಿಯಾಬೇಗಂ ಏನೋ ಮಾಡಿದ್ದಾಳೆ ಎಂದರು. ಬೇಕಾದರೆ ಮತ್ತೆ ರಕ್ತ ಕೊಡಿ, ನೀವೇ ಸೀಲು ಹಾಕಿ ಎಂದೆ. ಅವರು ತೋಳಿನ ಕಡೆ ನೋಡಿಕೊಂಡರು. ಒಲೆಯ ಮೇಲೆ ಹಾಲು ಉಕ್ಕಿ ಚೆಲ್ಲಿತು. ಇಬ್ಬರೂ ಏಳಲಿಲ್ಲ.

“ನಾ ಏನೂ ತಿಂದಿಲ್ರಿ ಅಕ್ಕೋರ,” ಅಂದರು. ನೀವು ತಿಂದಿಲ್ಲ ಎಂದು ನನಗೆ ಗೊತ್ತು ಎಂದೆ. ಅದೇ ಮಾತನ್ನು ಹೋದ ತಿಂಗಳು ಖಜೂರಿಯಲ್ಲಿ ಇನ್ನೊಬ್ಬಳಿಗೆ ಹೇಳಿದ್ದೆ ಎಂದು ಆಡಿದ ಮೇಲೆ ಹೊಳೆಯಿತು. ಅವರಿಗೂ ಏನೋ ಹೊಳೆದಿರಬೇಕು. ಎದ್ದು ಒಲೆ ಆರಿಸಿ ಕೇಳಿದರು.

“ಆಕಿಗಿ ತವರಿತ್ತು, ತವರಿಗಿ ಕಳಿಸಿದೆ. ನಮ್ಮ ತವರಮನಿ ಬಾಗಲಿಗಿ ಕೀಲಿ ಬಿದ್ದು ಎಷ್ಟೋ ವರ್ಷ ಆತು. ನನಗ ಎಲ್ಲಿಗಿ ಕಳಸ್ತೀರಿ?”

ನಾನು ಕಟ್ಟಿಕೊಂಡು ಹೋಗಿದ್ದ ನಾಟಕವೆಲ್ಲ ಅಲ್ಲೇ ಬಿತ್ತು ವಾಮನ. ಪಾಪ ಅನಿಸಿತು. ಅವರ ಕೈ ಹಿಡಿಯಬೇಕು ಅನಿಸಿತು, ಹಿಡಿಯಲಿಲ್ಲ. ನಾನು ಯಾರಿಗೂ ಹೇಳುವುದಿಲ್ಲ, ಡಾಕ್ಟರಿಗೆ ತೋರಿಸಿ ಎಂದು ಹೇಳಿ ಎದ್ದೆ. ಅವರು ಬಾಗಿಲವರೆಗೂ ಬರಲಿಲ್ಲ.

ಮುಂದೇನು ಮಾಡುತ್ತಾರೆ ನನಗೆ ತಿಳಿಯದು. ಬಾಯಿ ಮುಚ್ಚಿಕೊಂಡು ಮಾದನಹಿಪ್ಪರಗಾಕ್ಕೆ ಹೆಣ್ಣು ನೋಡಲು ಹೋದರೂ ತಡೆಯುವವರಿಲ್ಲ.

ಉಮಾ


ಖಜೂರಿ
11 ಏಪ್ರಿಲ್ 1997

ಅಕ್ಕೋರಿಗೆ ನಿಮ್ಮ ಗುರುಬಾಯಿ ಮಾಡುವ ಶರಣು.

ನಿನ್ನೆ ಮಧ್ಯಾಹ್ನದ ಆಳಂದ ಬಸ್ಸಿಗೆ ಅತ್ತೆ ಬಂದರು. ಒಬ್ಬರೇ. ಅವರು ಒಬ್ಬರೇ ಬಸ್ಸು ಹತ್ತಿದ್ದನ್ನು ನಾನು ನೋಡಿಲ್ಲ. ನಮ್ಮ ಅವ್ವ ಕಾಲಿಗೆ ನೀರು ತೆಗೆದುಕೊಂಡು ಓಡಿದಳು. ಅತ್ತೆ ಕಟ್ಟೆಯ ಕೆಳಗೇ ನಿಂತರು, ಮೆಟ್ಟಿಲು ಹತ್ತಲಿಲ್ಲ.

“ನೀ ತಡಿ ಬೇ. ನಾ ನಿನ್ನ ಮಗಳನ್ನ ಕೇಳಾಕ ಬಂದೇನಿ,” ಅಂದರು.

ನಾನು ಬಾಗಿಲಲ್ಲಿ ನಿಂತೆ. ಎದುರು ಮನೆಯವರು, ಬಾವಿಗೆ ಬಂದವರು ಎಲ್ಲ ನೋಡುತ್ತಿದ್ದರು. ಅತ್ತೆ ಸಣ್ಣ ದನಿ ಮಾಡಲಿಲ್ಲ. “ನಿನ್ನ ರಕ್ತದಾಗ ಇದ್ದದ್ದೇ ನನ್ನ ರಕ್ತದಾಗೂ ಅದ. ಹೈದರಾಬಾದದಾಗ ನೋಡ್ಯಾರ. ಈ ಮಾತು ದತ್ತಪ್ಪಗ, ಅವರಪ್ಪಗ ಹೇಳೇ ಬಂದೇನಿ,” ಅಂದರು. ನೀವು ಯಾರಿಗೂ ಹೇಳಿರಲಿಲ್ಲವಂತೆ, ಅದನ್ನೂ ಹೇಳಿದರು.

ಅಕ್ಕೋರೆ, ಈ ಆರು ತಿಂಗಳು ಅವರು ಬಂದರೆ ಏನನ್ನಬೇಕು ಎಂದು ನಾನು ಬಹಳ ಮಾತು ಕೂಡಿಟ್ಟಿದ್ದೆ. ಆಗ ಒಂದೂ ಬರಲಿಲ್ಲ. ದಸರೆಯ ಹೊತ್ತಿಗೆ ಅವರು ನನ್ನನ್ನು ಕೇಳಿದ್ದ ಪ್ರಶ್ನೆಯನ್ನೇ ಕೇಳಿದೆ.

“ಹಂದಿ ತಿಂದೀರೇನ್ರಿ ಅತ್ತಿ?”

ಅವ್ವ ನನ್ನ ಕೈ ಜಗ್ಗಿದಳು. ಅತ್ತೆ ಮುಖ ತಿರುಗಿಸಲಿಲ್ಲ. “ಇಲ್ಲವ್ವ,” ಅಂದರು.

“ನಾನೂ ತಿಂದಿಲ್ರಿ,” ಅಂದೆ.

“ಗೊತ್ತದ,” ಅಂದರು. “ಒಳಗ ಕರೀತಿ ಏನು?” ಅಂತ ಕೇಳಿದರು.

ಬಿಸಿಲು ಜೋರಿತ್ತು. ಅವರ ಹಣೆಯ ವಿಭೂತಿ ಬೆವರಿಗೆ ಕರಗುತ್ತಿತ್ತು. ನಿಮ್ಮ ಮುಂದೆ ಸುಳ್ಳು ಯಾಕೆ ಹೇಳಲಿ, ನಾನು ಅವರನ್ನು ಇನ್ನಷ್ಟು ಹೊತ್ತು ಹಾಗೇ ನಿಲ್ಲಿಸಿದೆ. ಆಮೇಲೆ ಒಳಗೆ ಕರೆದೆ.

ನಿಮ್ಮ ಶಿಷ್ಯೆ,
ಗುರುಬಾಯಿ